ಸ್ಟೀರಿಂಗ್ ಇಲ್ಲದ ಡ್ರೈವರು

ಹೋದ ವಾರ ಈ ಚಳಿಗಾಲದ ಮೊದಲ ಮಳೆ ಬಿತ್ತು. ಮೈಸೂರಿನಲ್ಲಾದರೆ ಒಣಹಾಕಿದ ಬಟ್ಟೆ ತೆಗೆಯಲೂ ಯಾರೂ ಏಳದಂಥ ಮಳೆ. ನಾನೀಗ ಇರುವ ಯೂನಿಯನ್ ಸಿಟಿಯಲ್ಲಿ ಅಷ್ಟಕ್ಕೇ ಫ್ರೀವೇ ಪೂರ್ತಿ ಕೆಂಪು ದೀಪ ಹೊತ್ತಿಸಿಕೊಂಡು ನಿಂತುಬಿಡುತ್ತದೆ. ನಾನು ಪಾರ್ಕಿಂಗಿನಲ್ಲಿ ವೈಪರಿನ ರಬ್ಬರು ಸರಿಯಾಗಿದೆಯೋ ಇಲ್ಲವೋ ಎಂದು ಮೂರನೆಯ ಸಲ ಸವರಿ ನೋಡುತ್ತಿದ್ದಾಗ ಫೋನು ಬಂತು. ಮೊದಲು ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿದ್ದು, ಈಗ ಸ್ವಂತ ಮನೆ ಮಾಡಿಕೊಂಡು ಹೋಗಿರುವ ಹುಬ್ಬಳ್ಳಿಯ ಹುಡುಗಿ. ಹುಡುಗಿ ಅಂದೆ, ಅವಳಿಗೂ ನಲವತ್ತಾಗುತ್ತ ಬಂತು.

‘ಅಪ್ಪಾ ಹೋದ್ರು ಅಣ್ಣಾ,’ ಅಂದಳು. ಹುಬ್ಬಳ್ಳಿಯಲ್ಲಿ, ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಏಳಲಿಲ್ಲವಂತೆ.

ಆಮೇಲೆ ಅವಳೇ, ‘ನಿಮ್ಮನ್ನ ಭಾಳ ನೆನಸ್ತಿದ್ರು,’ ಅಂದಳು.

‘ಏನಂತ?’

‘ಆ ಮೈಸೂರ ಸಾಹೇಬ್ರಿಗೆ ಅಂಜಿಕಿ ಭಾಳ, ಆದ್ರ ಮನಷ್ಯಾ ಚಲೋ ಅಂತ.’

ಕೆಲಸ ಬದಲಾಯಿಸುವಾಗೆಲ್ಲ ಎರಡು ಪುಟದ ಪರಿಚಯಪತ್ರ ಬರೆದು ತಿದ್ದಿ ಒದ್ದಾಡಿದವನು ನಾನು. ಇಷ್ಟು ಸರಿಯಾಗಿ ನನ್ನನ್ನು ಯಾರೂ ಒಂದು ಸಾಲಿನಲ್ಲಿ ಹಿಡಿದುಕೊಟ್ಟಿರಲಿಲ್ಲ. ಅವರ ಬಗ್ಗೆ ಬರೆಯಲೇ ಎಂದು ಕೇಳಿದೆ. ಏನು ಬರೆಯುತ್ತೇನೆಂಬುದನ್ನು ಪೂರ್ತಿ ಹೇಳಿದೆ ಕೂಡ, ಅವಳಿಗೆ ಅಲ್ಲಿಯವರೆಗೆ ಗೊತ್ತಿಲ್ಲದ ಒಂದು ಸಂಗತಿಯನ್ನೂ ಸೇರಿಸಿ. ಕೇಳಿ ಮುಗಿಸಿ, ಮೂಗು ಒರೆಸಿಕೊಂಡು, ‘ಬರೀರಿ. ಹೆಸರು ಮಾತ್ರ ಬ್ಯಾಡ,’ ಅಂದಳು. ಆದ್ದರಿಂದ ನಾನು ಕರೆಯುತ್ತಿದ್ದ ಹಾಗೆ ಇಲ್ಲಿಯೂ ಕಾಕಾ ಅನ್ನುತ್ತೇನೆ. ಮೊದಮೊದಲು ಅಂಕಲ್ ಅನ್ನುತ್ತಿದ್ದೆ. ‘ತಲಿ ಬೆಳ್ಳಗಾಗೇತಿ ನಿಮ್ದು, ನನಗ ಅಂಕಲ್ ಅಂತೀರಲ್ರೀ. ಕಾಕಾ ಅನ್ರಿ, ಕೇಳೋರಿಗೆ ಅಷ್ಟು ಅಸಹ್ಯ ಆಗೂದಿಲ್ಲ,’ ಎಂದು ಅವರೇ ತಿದ್ದಿದ್ದರು.

ನನ್ನ ಕಥೆ ಸ್ವಲ್ಪ ಹೇಳದೆ ಅವರ ಕಥೆ ತಿಳಿಯುವುದಿಲ್ಲ. ನಾನು ಈ ದೇಶಕ್ಕೆ ಬಂದದ್ದು ನಲವತ್ತೆಂಟನೆಯ ವಯಸ್ಸಿಗೆ. ಬೆಂಗಳೂರಿನಲ್ಲಿದ್ದ ಇಪ್ಪತ್ತೆರಡು ವರ್ಷ ಆಫೀಸಿನ ಬಸ್ಸಿನಲ್ಲೇ ಓಡಾಡಿದೆ. ಲೈಸೆನ್ಸು ಇತ್ತು, ಗುರುತಿನ ಚೀಟಿಯಾಗಿ ಉಪಯೋಗಕ್ಕೆ ಬರುತ್ತಿತ್ತು. ಇಲ್ಲಿ ಡ್ರೈವಿಂಗ್ ಟೆಸ್ಟನ್ನು ಮೂರನೆಯ ಸಲಕ್ಕೆ ಪಾಸು ಮಾಡಿದೆ. ಎರಡನೆಯ ಸಲ ಫೇಲಾದ ಕಾರಣ, ಅತಿಯಾದ ಎಚ್ಚರಿಕೆ. ಹಾಗೆಂದು ಚೀಟಿಯಲ್ಲೇ ಬರೆದುಕೊಟ್ಟಿದ್ದರು. ನನ್ನ ಹೆಂಡತಿ ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದಳು.

ನಮ್ಮೂರು ಸೇರಿದ ಬೇ ಏರಿಯಾದ ಚಳಿಗಾಲಕ್ಕೆ ಚಳಿಗಾಲ ಅಂದರೆ ಶಿಕಾಗೋದವರು ನಗುತ್ತಾರೆ. ನಗಲಿ. ನಾನು ಆ ವರ್ಷ ಅಕ್ಟೋಬರಿನಲ್ಲೇ, ಜಾರದಂತೆ ಟೈರಿಗೆ ಸುತ್ತುವ ಹಿಮದ ಚೈನು ಕೊಂಡುತಂದು ಡಿಕ್ಕಿಯಲ್ಲಿಟ್ಟೆ. ‘ರೀ, ಯೂನಿಯನ್ ಸಿಟೀಲಿ ಹಿಮ ಬಿದ್ರೆ ಟೀವಿಯವ್ರು ಬರ್ತಾರೆ. ಹಿಮ ತೋರ್ಸಕ್ಕಲ್ಲ, ನಿಮ್ಮ ಚೈನು ತೋರ್ಸಕ್ಕೆ,’ ಅಂದಳು ಹೆಂಡತಿ. ಒಂಬತ್ತನೆಯ ಕ್ಲಾಸಿನ ಮಗಳು ಮಳೆಯ ಬಗ್ಗೆ ನನ್ನ ಭಾಷಣ ಕೇಳಿ, ಫೋನಿನಿಂದ ಕಣ್ಣು ತೆಗೆಯದೆ, ‘ಡ್ಯಾಡ್, ಇಟ್ಸ್ ಜಸ್ಟ್ ವಾಟರ್,’ ಅಂದಳು.

ಅಲ್ಲಿಯವರೆಗೂ ಮನೆಯಿಂದಲೇ ಕೆಲಸವಾದ್ದರಿಂದ ಭಯಕ್ಕೆ ಹೆಚ್ಚಿನ ಖರ್ಚಿರಲಿಲ್ಲ. ನವೆಂಬರಿನ ಮೊದಲ ವಾರದ ಒಂದು ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರು ನಗುನಗುತ್ತಾ, ಜನವರಿಯಿಂದ ಎಲ್ಲರೂ ವಾರಕ್ಕೆ ಎರಡು ದಿನ ಆಫೀಸಿಗೆ ಬರಲೇಬೇಕು ಎಂದ. ಆಫೀಸು ಇರುವುದು ಗುಡ್ಡದ ಆಚೆ, ಸಾಂತಾ ಕ್ರೂಜ್ ಕಡೆ. ನಮ್ಮ ಮನೆ ಪಕ್ಕದ ಫ್ರೀವೇ ಸ್ಯಾನ್ ಹೋಸೆಯವರೆಗೆ ಎಂಟ್ನೂರ ಎಂಬತ್ತು ಎಂಬ ನಂಬರಿನಲ್ಲಿ ಸಭ್ಯವಾಗಿ ಹೋಗಿ, ಅಲ್ಲಿಂದ ಹದಿನೇಳು ಎಂದು ಹೆಸರು ಬದಲಿಸಿಕೊಂಡು, ಲಾಸ್ ಗ್ಯಾಟೋಸ್ ದಾಟುತ್ತಿದ್ದಂತೆ ಪಕ್ಕಾ ಘಾಟಿಯಾಗುತ್ತದೆ. ಹಾವಿನಂಥ ತಿರುವು, ನಡುವೆ ಕಾಂಕ್ರೀಟಿನ ಗೋಡೆ, ಚಳಿಗಾಲದಲ್ಲಿ ಮಳೆ, ಮಳೆ ಬಿಟ್ಟರೆ ಮಂಜು. ಅದರಲ್ಲಿ ಅಲ್ಲಿಯ ಜನ ಒಂದು ಕೈಯಲ್ಲಿ ಕಾಫಿ ಹಿಡಿದು ಹೋಗುತ್ತಾರೆ. ನನ್ನ ವೀಸಾ ಕೆಲಸಕ್ಕೆ ಗಂಟುಬಿದ್ದಿತ್ತು, ಕೆಲಸ ಗುಡ್ಡಕ್ಕೆ ಗಂಟುಬಿದ್ದಿತ್ತು. ಗುಡ್ಡ ದಾಟದಿದ್ದರೆ ಹೆಂಡತಿ, ಮಗಳು, ಹಿಮದ ಚೈನು ಸಮೇತ ನಾವೆಲ್ಲ ವಾಪಸು ಹೋಗುವುದೇ.

‘ನಾನು ಬಿಟ್ಟು ಬರ್ತೀನಿ ಅಂತ ಕನಸಲ್ಲೂ ಅಂದ್ಕೋಬೇಡಿ,’ ಅಂದಳು ಹೆಂಡತಿ. ‘ಐವತ್ತರ ಹತ್ರ ಬಂದಿರೋ ಗಂಡಸನ್ನ ಡೇಕೇರಿಗೆ ಬಿಟ್ಟ ಹಾಗೆ ಬಿಟ್ಟು ಬರಕ್ಕಾಗಲ್ಲ.’

ಕಾಕಾ ಸಿಕ್ಕಿದ್ದು ಆ ದಿನಗಳಲ್ಲೇ. ಒಂದು ಬೆಳಿಗ್ಗೆ ಕಾರಿನ ಮುಂದಿನ ಗಾಜಿನ ಮೇಲೆ ಬಿಳಿ ಹಿಮಪೊರೆ ಕೂತಿತ್ತು. ನಾನು ಬುದ್ಧಿವಂತನಂತೆ ಕೆಟಲಿನಲ್ಲಿ ಕುದಿಯುವ ನೀರು ತಂದು, ಇನ್ನೇನು ಸುರಿಯಬೇಕು, ಪಕ್ಕದಿಂದ ಒಂದು ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು.

‘ಚಾ ಮಾಡ್ಕೊಂಡು ಕುಡೀರಿ ಅದ್ರಾಗ. ಗಾಜಿಗೆ ಹಾಕಬ್ಯಾಡ್ರಿ, ಒಡೀತೈತಿ.’

ಮಂಕಿ ಕ್ಯಾಪು, ಅದರ ಮೇಲೆ ಮಫ್ಲರು, ಮಗಳ ಗುಲಾಬಿ ಬಣ್ಣದ ಜಾಕೆಟ್ಟು, ಕೆಳಗೆ ಬಿಳಿ ಪಂಜೆ, ಕಾಲಿಗೆ ಬೂಟು. ಎಪ್ಪತ್ತರ ಹತ್ತಿರದ ಮನುಷ್ಯ. ಬೇಸಿಗೆಯಲ್ಲಿ ಕಾದ ಗಾಜಿಗೆ ತಣ್ಣೀರು ಎರಚಿ ಒಡೆದುಕೊಂಡವರನ್ನು ಬಸ್ ಡಿಪೋದಲ್ಲಿ ನೋಡಿದ್ದಾರಂತೆ. ತಣ್ಣಗಿನ ಗಾಜಿಗೆ ಬಿಸಿನೀರಾದರೂ ಅಷ್ಟೇ ತಾನೇ. ಇಷ್ಟು ಹೇಳಿ, ಜೇಬಿನಿಂದ ಮಗಳ ಹಳೆಯ ಜಿಮ್ ಕಾರ್ಡು ತೆಗೆದು ದೋಸೆ ಎಬ್ಬಿಸುವ ಹಾಗೆ ಗಾಜಿನ ಪೊರೆಯನ್ನು ಎಬ್ಬಿಸಿದರು. ‘ಒಂದಿನಾನೂ ಹೋಗಲಿಲ್ಲ ಆಕಿ ಜಿಮ್ಮಿಗೆ. ಕಾರ್ಡರ ದುಡೀಲಿ,’ ಅಂದರು.

ಮೂವತ್ತು ವರ್ಷಕ್ಕೂ ಮೀರಿ ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವರು. ಹುಬ್ಬಳ್ಳಿಯಿಂದ ಕಾರವಾರ, ಅರಬೈಲ್ ಘಾಟಿ ಇಳಿದು ಹತ್ತಿ. ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಮಗಳು ಹಗಲೆಲ್ಲ ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ. ಇವರು ಪಾರ್ಕಿಂಗಿನಲ್ಲಿ ನಿಂತ ಕಾರುಗಳನ್ನು ಜಾನುವಾರು ಜಾತ್ರೆಯಲ್ಲಿ ಎತ್ತು ನೋಡುವವರ ಹಾಗೆ ನೋಡಿಕೊಂಡು ಸುತ್ತುತ್ತಿದ್ದರು. ಒದೆಯುವುದೊಂದು ಬಾಕಿ. ನನ್ನ ಟೈರನ್ನು ಅದೂ ಮಾಡಿದರು.

ಗುಡ್ಡದ ವಿಷಯ ಹೇಳಿಕೊಂಡೆ. ‘ಘಾಟ್ ಐತೇನ್ರೀ ಇಲ್ಲೂ?’ ಅಂದರು. ಊರ ಕಡೆಯ ನೆಂಟರು ಇಲ್ಲೇ ಇದ್ದಾರೆ ಎಂದು ಕೇಳಿದಂತೆ ಮುಖ ಬೆಳಗಿತು. ‘ನಾ ಕಲಸ್ತೇನಿ ನಡೀರಿ. ನಾನ ಓಡ್ಸಿ ತೋರಸ್ತಿದ್ದೆ. ಏನ್ ಮಾಡೂದು, ಮಗಳು ಬಿಡಂಗಿಲ್ಲ.’

ಈ ‘ಮಗಳು ಬಿಡಂಗಿಲ್ಲ’ ಅವರ ಪಲ್ಲವಿ. ಊರಿನ ಲೈಸೆನ್ಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ಅಪಾರ್ಟ್‌ಮೆಂಟಿನ ಗುಜರಾತಿಗಳಿಗೆ, ಗ್ರೋಸರಿಯ ಪಂಜಾಬಿಗೆ, ಕಸದ ಲಾರಿಯ ಮೆಕ್ಸಿಕೋದವನಿಗೆ ಕೂಡ ಅದನ್ನು ತೋರಿಸಿ, ಎರಡೂ ಕೈಯಲ್ಲಿ ದೊಡ್ಡ ಸ್ಟೀರಿಂಗು ತಿರುಗಿಸಿ, ಆಮೇಲೆ ಮನೆಯ ಕಡೆ ಬೆರಳು ಮಾಡಿ, ‘ಡಾಟರ್, ನೋ,’ ಅನ್ನುತ್ತಿದ್ದರು. ಎಲ್ಲರೂ ಮರುಗುತ್ತಿದ್ದರು. ಕಸದ ಲಾರಿಯವನು ಎದೆಯ ಮೇಲೆ ಕೈಯಿಟ್ಟುಕೊಂಡ.

ಪಾಠ ಶುರುವಾಯಿತು. ಇಲ್ಲಿ ಸ್ಟೀರಿಂಗು ಎಡಕ್ಕೆ. ಆದ್ದರಿಂದ ಪಕ್ಕದಲ್ಲಿ ಕೂರುವವರ ಸೀಟು ಊರಿನಲ್ಲಿ ಡ್ರೈವರು ಕೂರುವ ಜಾಗದಲ್ಲೇ ಇರುತ್ತದೆ. ಕಾಕಾ ಅಲ್ಲಿ ಕೂತರೆಂದರೆ, ಎಲ್ಲ ಸರಿಯಿದ್ದು ಸ್ಟೀರಿಂಗೊಂದನ್ನು ಯಾರೋ ಬಿಚ್ಚಿಕೊಂಡು ಹೋದಂತೆ ಕಾಣುತ್ತಿತ್ತು. ಬಲಗಾಲು ಇಲ್ಲದ ಬ್ರೇಕನ್ನೂ ಎಡಗಾಲು ಇಲ್ಲದ ಕ್ಲಚ್ಚನ್ನೂ ತುಳಿಯುತ್ತಿದ್ದವು. ಒಂದೇ ತಿಂಗಳಲ್ಲಿ ಆ ಬದಿಯ ಮ್ಯಾಟು ಸವೆದು ತೂತಾಯಿತು. ಹೊರಡುವ ಮೊದಲು ‘ರೈಟ್’ ಎಂದು ಅವರು ಹೇಳಬೇಕು. ಹೇಳದೆ ನಾನು ಹೊರಟರೆ, ‘ಮಂದಿ ಹತ್ತಾಕತ್ತಾರ, ತಡೀರಿ,’ ಅನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ನನ್ನ ಲ್ಯಾಪ್‌ಟಾಪ್ ಚೀಲ ಒಂದೇ ಇರುತ್ತಿತ್ತು.

ಮುಖ್ಯ ನಿಯಮ, ದಾರಿಯಲ್ಲಿ ಬರುವ ಪ್ರತಿ ಬೋರ್ಡನ್ನೂ ನಾನು ಗಟ್ಟಿಯಾಗಿ ಓದಬೇಕು. ‘ಓದಿದ್ರ ಲಕ್ಷ್ಯ ಇರತೈತಿ.’ ಹಾಗಾಗಿ ನಾನು ಎಕ್ಸಿಟ್ಟಿನ ನಂಬರು, ವೇಗದ ಮಿತಿ, ಅಪಘಾತದ ವಕೀಲರ ಜಾಹೀರಾತು, ಸೋಫಾ ಸೇಲು ಎಲ್ಲವನ್ನೂ ಸಹಸ್ರನಾಮದ ಹಾಗೆ ಓದುತ್ತ ಹೋಗುತ್ತಿದ್ದೆ. ಹೆಚ್ಚು ಜನ ಕೂತ ಕಾರಿಗೆ ಪ್ರತ್ಯೇಕ ಲೇನಿದೆ ಎಂದು ಓದಿ ಹೇಳಿದಾಗ ಅವರು ಪೂರ್ತಿ ನನ್ನ ಕಡೆ ತಿರುಗಿ ಕೂತರು.

‘ಎಷ್ಟು ಮಂದಿ ಇದ್ರ?’

‘ಎರಡೋ ಮೂರೋ ಇದ್ರೆ ಸಾಕು ಕಾಕಾ.’

‘ನಾ ಯಲ್ಲಾಪುರ ಸಂತಿ ದಿನ ತೊಂಬತ್ತು ಮಂದಿ, ನಾಕು ಆಡು ಹೇರ್ಕೊಂಡು ಹೋಗೇನಿ. ಒಬ್ಬನರ ಸರಿದು ನಿಂತಾನೇನು?’

ಮಳೆ ಹಿಡಿದ ದಿನ ಒಂದು ಆಲೂಗಡ್ಡೆ ತರಿಸಿದರು. ಅದನ್ನು ಎರಡು ಹೋಳು ಮಾಡಿ ಗಾಜಿಗೆಲ್ಲ ತಿಕ್ಕಿದರೆ ನೀರು ನಿಲ್ಲದೆ ಜಾರುತ್ತದಂತೆ. ವೈಪರು ಕೆಟ್ಟ ಬಸ್ಸುಗಳಲ್ಲಿ ಹಾಗೇ ಘಾಟಿ ಇಳಿಸಿದ್ದಾರಂತೆ. ನನ್ನ ವೈಪರು ಕೆಟ್ಟಿರಲಿಲ್ಲ. ಆದರೂ ತಿಕ್ಕಿದೆ. ನಿಜವಾಗಿಯೂ ಜಾರಿತು. ಮಾರನೆಯ ವಾರ ಆಲೂಗಡ್ಡೆ ಮುಗಿದಿತ್ತೆಂದು ನಾನು ಸ್ವಂತ ಬುದ್ಧಿಯಿಂದ ಈರುಳ್ಳಿ ತಿಕ್ಕಿದೆ. ಹೀಟರು ಹಾಕಿದ ಮೇಲೆ ಏನಾಯಿತೆಂದು ಬರೆಯುವುದಿಲ್ಲ. ನನ್ನ ಮಗಳು ಹತ್ತು ದಿನ ಶಾಲೆಗೆ ಸೈಕಲ್ಲಿನಲ್ಲಿ ಹೋದಳು.

ಅವರು ಯಾವತ್ತೂ ಬೈಯಲಿಲ್ಲ. ನಾನು ಲೇನು ಬದಲಿಸಲು ಎಂಟು ಮೈಲಿ ಯೋಚಿಸುತ್ತಿದ್ದರೆ, ‘ಅವಸರ ಇಲ್ಲ, ಮುಂದಿನ ಊರಿಗೆ ಹೋಗಿ ಹೊಳ್ಳಿ ಬರೂಣು,’ ಅನ್ನುತ್ತಿದ್ದರು. ಹಾಗೆ ಹೊರಳಿ ಬರುತ್ತಾ ನಾವು ಬೇ ಏರಿಯಾದಲ್ಲಿ ನೋಡದ ಊರಿಲ್ಲ. ಒಮ್ಮೆ ನಾನು ಕೇಳಿದೆ, ನಿಮಗೆ ಘಾಟಿಯಲ್ಲಿ ಭಯ ಆಗುತ್ತಿರಲಿಲ್ಲವೇ ಎಂದು. ‘ದಿನಾ ಆಗ್ತಿತ್ರಿ. ಹಿಂದ ಕುಂತವರಿಗೆ ಗೊತ್ತಾಗಬಾರ್ದು, ಅಷ್ಟ. ಅದಕ್ಕ ನಾ ಹಾಡು ಹೇಳ್ತಿದ್ದೆ.’ ಮರುದಿನ ನಾನೂ ಹಾಡು ಹೇಳಿ ನೋಡಿದೆ. ಐದು ನಿಮಿಷ ಕೇಳಿ, ‘ಸಾಹೇಬ್ರ, ನೀವು ಬೋರ್ಡರ ಓದ್ರಿ,’ ಅಂದರು.

ಡಿಸೆಂಬರಿನ ಕೊನೆಯ ಶನಿವಾರ ಗುಡ್ಡದ ತಾಲೀಮು. ಮುಂದಿನ ಮಂಗಳವಾರವೇ ಆಫೀಸು. ಹೋಗುವಾಗ ಬಿಸಿಲಿತ್ತು, ನಾನು ಬೋರ್ಡು ಓದಿಕೊಂಡು, ಯಾವ ಅನಾಹುತವೂ ಇಲ್ಲದೆ ಗುಡ್ಡ ಹತ್ತಿ ಇಳಿದೆ. ಆಫೀಸಿನ ಖಾಲಿ ಪಾರ್ಕಿಂಗಿನಲ್ಲಿ ಕೂತು ಅವರ ಮಗಳು ಕಟ್ಟಿಕೊಟ್ಟ ಚಪಾತಿ, ಶೇಂಗಾ ಚಟ್ನಿ ತಿಂದೆವು. ಮಧ್ಯಾಹ್ನ ಮೂರರ ಹೊತ್ತಿಗೆ ವಾಪಸು ಹೊರಟಾಗ ಸಮುದ್ರದ ಕಡೆಯಿಂದ ಮೋಡ ಬಂದು ಮಳೆ ಶುರುವಾಯಿತು. ಗುಡ್ಡದ ತುದಿ ಹತ್ತಿರ ಬರುವಷ್ಟರಲ್ಲಿ ಮಂಜು. ಪಕ್ಕದಲ್ಲಿ ದಾಟಿದ ಲಾರಿಯೊಂದು ಗಾಜಿನ ಮೇಲೆ ಒಂದು ಕೆರೆ ನೀರು ಎರಚಿ ಹೋಯಿತು. ನನಗೆ ಏನೂ ಕಾಣಲಿಲ್ಲ. ಹೇಗೋ ಬದಿಯಲ್ಲಿದ್ದ ಒಂದು ಅಗಲ ಜಾಗಕ್ಕೆ ಕಾರು ನುಗ್ಗಿಸಿ, ನಿಲ್ಲಿಸಿ, ನಾಲ್ಕೂ ದೀಪ ಮಿಣುಕಿಸಿದೆ. ಕೈ ಸ್ಟೀರಿಂಗು ಬಿಡಲು ಒಪ್ಪಲಿಲ್ಲ.

‘ನನ್ನ ಕೈಲಾಗಲ್ಲ ಕಾಕಾ,’ ಅಂದೆ. ‘ಕೆಲಸ ಹೋದ್ರೆ ಹೋಗ್ಲಿ, ನಾವು ವಾಪಸು ಹೊರಟುಹೋಗ್ತೀವಿ. ಈಗ ನೀವು ಓಡಿಸಿ. ನಿಮ್ಮ ಮಗಳಿಗೆ ನಾನು ಹೇಳಲ್ಲ.’

ಅವರು ಸ್ಟೀರಿಂಗನ್ನು ನೋಡಿದರು. ಎರಡು ತಿಂಗಳಿಂದ ಊರಿಗೆಲ್ಲ ಹೇಳಿಕೊಂಡು ತಿರುಗಿದ ಆಸೆ, ಕೈಗೆಟಕುವ ದೂರದಲ್ಲಿತ್ತು. ಎಡಗೈ ತಾನಾಗಿ ಗೇರಿನ ತನಕ ಬಂತು, ಅಲ್ಲಿಂದ ಹಿಂದೆ ಹೋಗಿ ಮಡಿಲಲ್ಲಿ ಕೂತಿತು.

‘ಮಗಳು ಬಿಡಂಗಿಲ್ಲ ಅಂತೇನಲ್ರಿ. ಆಕಿ ಒಂದ್ಸಲ, ಅಪ್ಪಾ ಇನ್ಶೂರೆನ್ಸ್ ಇಲ್ಲ, ನೀ ಗಾಡಿ ಮುಟ್ಟಬ್ಯಾಡ ಅಂದ್ಲು. ನನಗ ಭಾಳ ಅನುಕೂಲ ಆತು.’

‘ಅಂದ್ರೆ?’

‘ನನಗ ಕಣ್ಣು ಕಾಣಂಗಿಲ್ರಿ ಸಾಹೇಬ್ರ. ಬಾಜೂಕಿಂದು ಏನೂ ಕಾಣಂಗಿಲ್ಲ, ಕತ್ತಲಾತಂದ್ರ ಎದರಿಂದೂ ಇಲ್ಲ. ನರ ಒಣಗ್ಯಾವು, ಇನ್ನ ಸುಧಾರಿಸಂಗಿಲ್ಲ ಅಂದಾರ ಡಾಕ್ಟರು.’

ನೌಕರಿ ಇನ್ನೂ ಐದು ವರ್ಷ ಇರುವಾಗ ಒಂದು ಸಂಜೆ ಎತ್ತಿನ ಗಾಡಿಯೊಂದು ಅವರಿಗೆ ಕಾಣಲಿಲ್ಲವಂತೆ. ಕಂಡಕ್ಟರು ಕೂಗಿದ, ಉಳಿಯಿತು. ಮರುದಿನ ತಾವೇ ಹೋಗಿ ಬಸ್ಸು ಬಿಟ್ಟುಕೊಟ್ಟು, ಡಿಪೋದ ಒಳಗೆ ಕೂತು ಡ್ರೈವರುಗಳ ಡ್ಯೂಟಿ ಬರೆದರು. ಮನೆಯಲ್ಲಿ ಹೇಳಲಿಲ್ಲ. ‘ಖಾಕಿ ಹಾಕ್ಕೊಂಡು ಹೋಗ್ತಿದ್ದೆ, ಖಾಕಿ ಹಾಕ್ಕೊಂಡು ಬರ್ತಿದ್ದೆ. ಯಾರಿಗೆ ಗೊತ್ತಾಗ್ತೈತಿ? ಓಡ್ಸಾಕ ಬಿಡವಲ್ರು ಅಂದ್ರ ಡ್ರೈವರ ಆಗಿ ಉಳೀತೇನಿ. ಓಡ್ಸಾಕ ಆಗೂದಿಲ್ಲ ಅಂದ್ರ ಏನ ಉಳೀತೈತ್ರಿ ನಂದು?’

ಮರುಕ ಪಡಬೇಕಾದ ಹೊತ್ತು. ಆದರೆ ನನ್ನ ಸ್ವಭಾವ ನನ್ನನ್ನು ಬಿಡಬೇಕಲ್ಲ. ಎರಡು ತಿಂಗಳು, ಅಷ್ಟೂ ಫ್ರೀವೇಗಳಲ್ಲಿ, ‘ಈಗ ಹೋಗ್ರಿ’ ‘ಈಗ ಬ್ಯಾಡ’ ಎಂದು ನನ್ನನ್ನು ನಡೆಸಿದ್ದು ಈ ಕಣ್ಣು. ಆ ಬೋರ್ಡುಗಳ ಪಾರಾಯಣ ನನ್ನ ಲಕ್ಷ್ಯಕ್ಕಾಗಿ ಅಲ್ಲ, ನಾವು ಎಲ್ಲಿದ್ದೇವೆಂದು ಅವರಿಗೆ ತಿಳಿಯಲಿಕ್ಕೆ.

‘ಮತ್ತೆ ಇಷ್ಟು ದಿನ ನೀವು ಹೇಗೆ ಹೇಳಿಕೊಡ್ತಿದ್ರಿ?’

‘ನಿಮ್ಮ ಉಸಿರು ಕೇಳ್ತಿದ್ದೆ. ಭಾಳ ಅಂಜಿದಾಗ ತಡೀರಿ ಅಂತಿದ್ದೆ. ಸ್ವಲ್ಪ ಅಂಜಿದಾಗ ಹೋಗ್ರಿ ಅಂತಿದ್ದೆ.’

ಮಂಜು ಕಡಿಮೆಯಾಗಲಿಲ್ಲ. ನಾಲ್ಕೂ ದೀಪ ಟಿಕ್ಕು ಟಿಕ್ಕು ಅನ್ನುತ್ತಿದ್ದವು. ಕತ್ತಲಾಗಲು ಹೆಚ್ಚು ಹೊತ್ತಿರಲಿಲ್ಲ. ಕಾರಿನಲ್ಲಿ ಇಬ್ಬರಿದ್ದೆವು, ನಮ್ಮಲ್ಲಿ ಕಣ್ಣು ಕಾಣುವವನು ನಾನೊಬ್ಬನೇ. ಜೀವನದಲ್ಲಿ ಯಾವ ಕೆಲಸಕ್ಕೂ ನಾನು ಹೀಗೆ ಅವಿರೋಧವಾಗಿ ಆಯ್ಕೆಯಾಗಿರಲಿಲ್ಲ.

‘ಹೇಗೆ ಇಳಿಸಬೇಕು ಹೇಳಿ,’ ಅಂದೆ.

‘ದೂರ ನೋಡಬ್ಯಾಡ್ರಿ. ಅಂಚಿನ ಬಿಳೀ ಪಟ್ಟಿ ಅಷ್ಟ ನೋಡ್ರಿ. ದೊಡ್ಡ ಲೈಟ್ ಬ್ಯಾಡ, ಅದು ರಸ್ತಿಗೆ ಬೀಳೂದಿಲ್ಲ, ಮಂಜಿಗೆ ಬೀಳತೈತಿ. ಏರಿಗೆ ಯಾವ ಗೇರೋ ಇಳಿಜಾರಿಗೂ ಅದ ಗೇರು. ಬ್ರೇಕ್ ಒತ್ತಿ ಹಿಡೀಬ್ಯಾಡ್ರಿ, ಮುಟ್ಟಿ ಮುಟ್ಟಿ ಬಿಡ್ರಿ. ಹಿಂದಿನಾಂವ ಹಾರ್ನ್ ಹೊಡದ್ರ ಹೊಡೀಲಿ, ಅವನ ಹಾರ್ನು, ಅವನ ಬ್ಯಾಟರಿ.’

ಇಳಿದೆ. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಬಿಳಿ ಪಟ್ಟಿ ಕಂಡಾಗ ಪಟ್ಟಿ ಅಂತ, ತಿರುವು ಬಂದಾಗ ಬಲಕ್ಕೆ, ಎಡಕ್ಕೆ ಅಂತ ಗಟ್ಟಿಯಾಗಿ ಹೇಳುತ್ತಾ ಹೋದೆ. ಅವರು ‘ಹೂಂ, ಹೂಂ’ ಅನ್ನುತ್ತಾ ಬಂದರು. ಹಿಂದಿನಿಂದ ಯಾರೋ ಹಾರ್ನು ಹೊಡೆದರು. ಇಬ್ಬರೂ ಅವನ ಬ್ಯಾಟರಿಯ ಬಗ್ಗೆ ಕಾಳಜಿ ವ್ಯಕ್ತಪಡಿಸಿದೆವು. ಒಂದು ಕಡೆ ಮಂಜು ಹರಿದು, ಕೆಳಗೆ ಲಾಸ್ ಗ್ಯಾಟೋಸಿನ ದೀಪಗಳು ಕಂಡವು. ‘ದೀಪ ಕಾಣ್ತಿದೆ ಕಾಕಾ,’ ಅಂದೆ. ‘ಎಷ್ಟದಾವು?’ ಅಂದರು. ‘ಊರು ತುಂಬ,’ ಅಂದೆ.

ಮನೆ ಮುಟ್ಟಿದಾಗ ಅವರ ಮಗಳು ಪಾರ್ಕಿಂಗಿನಲ್ಲೇ ಛತ್ರಿ ಹಿಡಿದು ನಿಂತಿದ್ದಳು. ಐದು ಸಲ ಫೋನು ಮಾಡಿದ್ದಳಂತೆ. ಇಳಿದವರ ಮುಖಗಳನ್ನು ನೋಡಿದಳು. ನಾನು ಕಂಬಕ್ಕೆ ಒರಗಿ ಸುಧಾರಿಸಿಕೊಳ್ಳುತ್ತಿದ್ದೆ. ಕಾಕಾ ಮಂಕಿ ಕ್ಯಾಪು ಸರಿಮಾಡಿಕೊಂಡು ನೆಟ್ಟಗೆ ನಿಂತಿದ್ದರು. ಅವಳು ತನಗೆ ಕಂಡಂತೆ ಲೆಕ್ಕ ಹಾಕಿದಳು.

‘ಅಪ್ಪಾ, ನೀ ಗಾಡಿ ಓಡ್ಸಿದಿ ಅಲ್ಲ? ಖರೇ ಹೇಳು.’

ಕಾಕಾ ಅವರ ಮುಖದ ಮೇಲೆ, ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದವರ ಕಳೆ ಬಂತು.

‘ಇನ್ಶೂರೆನ್ಸ್ ಇಲ್ಲ, ಏನಿಲ್ಲ. ಈ ಮಳ್ಯಾಗ, ಆ ಘಾಟಿನ್ಯಾಗ. ಎಪ್ಪತ್ತು ವರ್ಷ ಆದ್ರೂ ಸ್ಟೀರಿಂಗ್ ಕಂಡ್ರ ತಡಕೊಳ್ಳಾಕ ಆಗೂದಿಲ್ಲಲಾ ನಿನಗ?’ ಐದು ನಿಮಿಷ ಬೈದಳು. ಅವರು ತಲೆ ತಗ್ಗಿಸಿ, ಆಶೀರ್ವಾದ ತೆಗೆದುಕೊಳ್ಳುವವರ ಹಾಗೆ ಒಂದೊಂದೇ ಮಾತನ್ನು ಕೇಳಿಸಿಕೊಂಡರು. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

‘ನೀವರ ಹೇಳಬಾರ್ದಾ ಅಣ್ಣಾ?’

ನನ್ನ ಜೀವನದ ಅತಿ ದೊಡ್ಡ ಡ್ರೈವಿಂಗು ಆಗಷ್ಟೇ ಮುಗಿದಿತ್ತು. ಹೆಂಡತಿ ಮೇಲಿನ ಬಾಲ್ಕನಿಯಿಂದ ಕೇಳಿಸಿಕೊಳ್ಳುತ್ತಿದ್ದಳು. ಬಾಯಿ ತೆರೆದರೆ ಸಾಕಿತ್ತು.

‘ಹೇಳಿದೆ,’ ಅಂದೆ. ‘ಕೇಳಲಿಲ್ಲ.’

‘ಹೆಂಗ ಓಡ್ಸಿದ್ರು ಮತ್ತ?’

‘ಬಹಳ ಚೆನ್ನಾಗಿ,’ ಅಂದೆ. ನನ್ನ ಡ್ರೈವಿಂಗಿಗೆ ಈ ದೇಶದಲ್ಲಿ ಸಿಕ್ಕ ಮೊದಲ ಹೊಗಳಿಕೆ ಅದು.

ಕಾಕಾ ತಲೆ ಎತ್ತಿದರು. ಮಗಳಿಗೆ ಹೇಳುತ್ತಿರುವಂತೆ, ಆದರೆ ನಾನು ನಿಂತಿರಬಹುದೆಂದು ಅವರಿಗೆ ಅನ್ನಿಸಿದ ದಿಕ್ಕಿಗೆ ಮುಖ ಮಾಡಿ ಅಂದರು:

‘ಇಳಿಜಾರಿನ್ಯಾಗ ಎರಡು ಕಡೆ ಬ್ರೇಕ್ ಜಾಸ್ತಿ ಒತ್ತಿದೆ, ಅವ್ವಾ. ಮಂಗಳವಾರ ಒತ್ತೂದಿಲ್ಲ.’